ಔಟಾಗುವ ಭಾಗ್ಯ

ಯಂತ್ರವೊಂದು ನನ್ನ ಯೋಗ್ಯತೆ ವಿಚಾರಿಸಿದ್ದು ಮೊದಲ ಬಾರಿಗೆ ನಮ್ಮೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ. ಗರ್ಭಗುಡಿಯ ಮಡಿಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ಕಾಲ ಅದು. ಡಾಸ್ ಕಲಿಯುವುದು ಮನೆಯವರಿಗೆ ಹೇಳಿದ ನೆಪ. ಮೇಷ್ಟ್ರು ಊಟಕ್ಕೆ ಎದ್ದರೆಂದರೆ, ಯಾವನೋ ಪುಣ್ಯಾತ್ಮ ಫ್ಲಾಪಿಯಲ್ಲಿ ತಂದು ತುಂಬಿದ್ದ ‘ವುಲ್ಫನ್‌ಸ್ಟೈನ್ 3ಡಿ’ ಶುರು. 1992ರ ಆ ಅಮೆರಿಕನ್ ಆಟ ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳುತ್ತಿತ್ತು: ನೀನು ಎಷ್ಟು ಗಟ್ಟಿಗ? ಉತ್ತರಕ್ಕೆ ನಾಲ್ಕು ಸಾಲು. ಮೊದಲ ಸಾಲಿನ ಮೇಲೆ ಕೈಯಿಟ್ಟರೆ ಪಕ್ಕದಲ್ಲಿ ನಾಯಕನ ಮುಖ ಮೂಡುತ್ತದೆ: ತಲೆಗೆ ಕುಲಾವಿ, ಬಾಯಲ್ಲಿ ನಿಪ್ಪಲ್ಲು, ಅಪ್ಪನನ್ನು ಕೇಳಿಕೊಂಡು ಆಡಲು ಬಂದ ಕೂಸಿನ ಧಾಟಿ. ಕೊನೆಯ ಸಾಲಿನಲ್ಲಿ ಅದೇ ಮುಖ, ಕೆಂಪು ಕಣ್ಣು, ಸಾಕ್ಷಾತ್ ಯಮ.

ಕುರ್ಚಿಯ ಹಿಂದೆ ನಾಲ್ಕಾರು ಜನ ಸರದಿಗೆ ಕಾಯುತ್ತ ನಿಂತಿರುವಾಗ ಯಾರು ತಾನೇ ಕುಲಾವಿ ಹಾಕಿಕೊಳ್ಳುತ್ತಾರೆ? ಎಲ್ಲರೂ ಯಮನನ್ನೇ ಒತ್ತುತ್ತಿದ್ದೆವು. ಮೊದಲನೆಯದೋ ಎರಡನೆಯದೋ ಬಾಗಿಲು ತೆಗೆಯುವಷ್ಟರಲ್ಲಿ ನಾಜಿ ಸೈನಿಕರು ನಮ್ಮ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಸೋತಿದ್ದಕ್ಕೆ ಯಾರಿಗೂ ಬೇಜಾರಿರಲಿಲ್ಲ. ಯಮನ ಮಟ್ಟದಲ್ಲಿ ಸೋತೆವಲ್ಲ, ಅದಕ್ಕೊಂದು ಘನತೆ ಇತ್ತು.

ಮರುವರ್ಷ ಅದೇ ಕಂಪನಿ ‘ಡೂಮ್’ ತಂದಿತು. ಅದರಲ್ಲಿ ಕಷ್ಟದ ಮೆಟ್ಟಿಲು ಐದು. ಕೊನೆಯದಾದ ‘ನೈಟ್‌ಮೇರ್’ 1994ರ ತಿದ್ದುಪಡಿಯಲ್ಲಿ ಸೇರಿದ್ದು. ಅದರಲ್ಲಿ ಕೊಂದ ರಾಕ್ಷಸರು ಸ್ವಲ್ಪ ಹೊತ್ತಿಗೆ ಮೈಕೊಡವಿಕೊಂಡು ಎದ್ದು ಬರುತ್ತಾರೆ, ರಕ್ತಬೀಜಾಸುರನ ಖಾಸಾ ವಂಶದವರು. ಅದನ್ನು ಆರಿಸಿಕೊಂಡ ಕೂಡಲೇ ಒಂದು ಎಚ್ಚರಿಕೆ ಬರುತ್ತದೆ: ಯೋಚನೆ ಮಾಡಿದ್ದೀಯಾ, ಇಲ್ಲಿ ನ್ಯಾಯ ಎನ್ನುವುದು ಹತ್ತಿರದಲ್ಲೂ ಸುಳಿಯುವುದಿಲ್ಲ. ಬ್ಯಾಂಕು, ಬಾಡಿಗೆ ಮನೆ, ಸರ್ಕಾರಿ ಕಚೇರಿ ಎಲ್ಲ ಸುತ್ತಿ ಬಂದಿದ್ದೇನೆ. ಅನ್ಯಾಯ ಮಾಡುತ್ತೇನೆಂದು ಮೊದಲೇ ಬರೆದು ತೋರಿಸಿ ಒಪ್ಪಿಗೆ ಕೇಳಿದ ಇನ್ನೊಂದು ಸಂಸ್ಥೆ ನನಗೆ ಸಿಕ್ಕಿಲ್ಲ.

ಬಸ್‌ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಗಂತೂ ಆ ಪ್ರಾಮಾಣಿಕತೆ ಇರಲಿಲ್ಲ. ಒಂದು ರೂಪಾಯಿಗೆ ಒಂದು ಆಟ. ಅಲ್ಲಿನ ರಾಜ ‘ಮುಸ್ತಫಾ’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ ಆ ಆಟದ ನಿಜನಾಮ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂದು ನನಗೆ ಗೊತ್ತಾಗುವಷ್ಟರಲ್ಲಿ ಮೀಸೆ ಬಂದಿತ್ತು. ಅದರ ನಾಲ್ವರು ನಾಯಕರಲ್ಲಿ ಎಲ್ಲರಿಗಿಂತ ಚುರುಕಾದವನು ಮುಸ್ತಫಾ. ಓಡಿಬಂದು ಹಾರಿ ಒದೆಯುವವನ ಹೆಸರೇ ಇಡೀ ಆಟಕ್ಕೆ ಖಾಯಂ ಆಯಿತು. ಇಂಡಿಯಾದ ಯಾವ ಮೂಲೆಯವನನ್ನೇ ಕೇಳಿ, ನಮ್ಮ ವಯಸ್ಸಿನವನಾದರೆ ಮುಸ್ತಫಾ ಎಂದರೆ ತಿಳಿಯುತ್ತದೆ.

ನಾವು ಕೈ ಪಳಗಿಸಿಕೊಂಡು ಒಂದೇ ರೂಪಾಯಿಯಲ್ಲಿ ಎರಡನೇ ಬಾಸ್‌ವರೆಗೆ ಆರಾಮಾಗಿ ಹೋಗತೊಡಗಿದಾಗ ಅಂಗಡಿಯಣ್ಣನ ಮುಖ ಗಡುಸಾಗುತ್ತಿತ್ತು. ಆಮೇಲೊಂದು ದಿನ ನೋಡಿದರೆ, ನೆನ್ನೆಯವರೆಗೆ ನಾಲ್ಕು ಏಟಿಗೆ ಮಲಗುತ್ತಿದ್ದ ರೌಡಿಗಳೇ ಪೈಲ್ವಾನರಾಗಿದ್ದಾರೆ. ಯಂತ್ರ ನಮ್ಮ ಗುರುತು ಹಿಡಿದಿದೆ ಎಂದು ನಾವು ಮನಸಾರೆ ನಂಬಿದ್ದೆವು. ಮುಖ ಕಂಡುಹಿಡಿಯದಿರಲಿ ಎಂದು ಒಬ್ಬ ಅಣ್ಣನ ಟೋಪಿ ಹಾಕಿಕೊಂಡೂ ಬಂದಿದ್ದ. ಇಂಥ ಯಂತ್ರಗಳ ಹೊಟ್ಟೆಯೊಳಗೆ ಕಷ್ಟವನ್ನು ಏರಿಸಿ ಇಳಿಸುವ ಏರ್ಪಾಡು ಮೊದಲಿನಿಂದಲೂ ಇತ್ತು. ಎಷ್ಟೋ ಯಂತ್ರಗಳಲ್ಲಿ ಅದು ಉಗುರಿನ ತುದಿಯಲ್ಲಿ ತಳ್ಳುವಂಥ ಪುಟ್ಟ ಸ್ವಿಚ್ಚುಗಳ ಸಾಲು. ಒಂದು ನಾಣ್ಯಕ್ಕೆ ಎಷ್ಟು ಜೀವ, ಶತ್ರುಗಳು ಎಷ್ಟು ಗಟ್ಟಿ, ಎಲ್ಲ ಬೀಗದ ಕೈ ಇದ್ದವನ ಚಿತ್ತ. ಅಂಗಡಿಯಣ್ಣ ಹಿಂದಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಏನೋ ಮಾಡುತ್ತಿದ್ದುದನ್ನು ನಾವು ರಿಪೇರಿ ಎಂದುಕೊಂಡಿದ್ದೆವು. ಅದು ರಿಪೇರಿಯೇ, ನಮ್ಮದು.

ಆಡುತ್ತ ಆಡುತ್ತ ಆಟ ಬಿಗಿಯಾಗುವ ಈ ಪದ್ಧತಿಯ ಹುಟ್ಟಿನ ಕತೆಯೂ ಮಜವಾಗಿದೆ. 1978ರಲ್ಲಿ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದಾಗ ಪರದೆಯ ಮೇಲೆ 55 ಅನ್ಯಗ್ರಹ ಜೀವಿಗಳನ್ನು ನಿಲ್ಲಿಸಿದ್ದರು. ಅಷ್ಟು ಜನರನ್ನು ಹೊತ್ತು ನಡೆಸುವುದು ಆ ಕಾಲದ ಯಂತ್ರಕ್ಕೆ ಏದುಸಿರಿನ ಕೆಲಸ. ಹೊಡೆದು ಉರುಳಿಸಿದಂತೆಲ್ಲ ಭಾರ ಇಳಿದು, ಉಳಿದವರು ತಾವಾಗಿಯೇ ಬಿರುಸಾದರು. ಕಟ್ಟಕಡೆಗೆ ಉಳಿದ ಒಬ್ಬನಂತೂ ಹುಚ್ಚು ಹಿಡಿದವನ ಹಾಗೆ ಓಡುತ್ತಿದ್ದ. ನಿಶಿಕಾಡೊ ಅದನ್ನು ಸರಿಪಡಿಸಲು ಹೋಗದೆ ಹಾಗೇ ಬಿಟ್ಟರು. ಅವತ್ತಿನಿಂದ ಇವತ್ತಿನವರೆಗೆ, ನಾವು ಚೆನ್ನಾಗಿ ಆಡಿದಷ್ಟೂ ಆಟ ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಲೇ ಬಂದಿದೆ.

ನಮ್ಮ ಮನೆಗೂ ಒಂದು ಟಿವಿ ಗೇಮ್ ಬಂತು. ಅದರ ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂದಿತ್ತು. ಅಷ್ಟು ಆಟ ಆಡಿ ಮುಗಿಸಲು ಮನುಷ್ಯಾಯುಷ್ಯ ಸಾಲದಲ್ಲ ಎಂದು ಅಪ್ಪ ದುಡ್ಡು ಕೊಡುವಾಗಲೇ ತಕರಾರು ತೆಗೆದಿದ್ದರು. ಪಟ್ಟಿ ನೋಡುತ್ತ ಹೋದರೆ ಗುಟ್ಟು ರಟ್ಟಾಯಿತು. ಇದ್ದದ್ದು ಬೆರಳೆಣಿಕೆಯ ಆಟ, ಅವೇ ಮತ್ತೆ ಮತ್ತೆ. ಆದರೆ ಒಂದು ‘ಕಾಂಟ್ರಾ’ ಮೂರು ಜೀವದ್ದು, ಇನ್ನೊಂದು ಮೂವತ್ತು ಜೀವದ್ದು, ಮತ್ತೊಂದು ನೇರ ನಡುವಿನ ಹಂತದಿಂದ ಶುರುವಾಗುವಂಥದ್ದು. ನಕಲಿ ಕ್ಯಾಸೆಟ್ ಮಾಡಿದ ಆ ಅನಾಮಿಕರು ಲೆಕ್ಕ ತುಂಬಿಸಲು ಮಾಡಿದ ಮೋಸದಲ್ಲಿ ನಮಗೆ ಬೇಕುಬೇಕಾದ ಮಟ್ಟದ ಆಟ ಸಿಕ್ಕಿತು. ಯಾರೂ ಕುಲಾವಿ ಹಾಕಲಿಲ್ಲ, ಗಟ್ಟಿಗನೇ ಎಂದು ಕೇಳಲಿಲ್ಲ.

ಮೂವತ್ತು ಜೀವದ ಹಿಂದೆಯೂ ಒಬ್ಬ ಪುಣ್ಯಾತ್ಮನಿದ್ದಾನೆ. ಜಪಾನಿನ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ. ‘ಗ್ರೇಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ, ತಾನೇ ಮಾಡುತ್ತಿದ್ದ ಆಟವನ್ನು ಆಡಿ ಪರೀಕ್ಷಿಸಲು ಅವರಿಗೇ ಆಗಲಿಲ್ಲ. ಅಷ್ಟು ಕಷ್ಟ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂದು ಒತ್ತಿದರೆ ಎಲ್ಲ ಶಕ್ತಿಯೂ ಕೈಗೆ ಬರುವ ಹಾಗೆ ತಮಗಾಗಿ ಒಂದು ಒಳದಾರಿ ಮಾಡಿಕೊಂಡರು. 1986ರಲ್ಲಿ ಆಟ ಮಾರುಕಟ್ಟೆಗೆ ಹೋದಾಗ ಒಳದಾರಿಯೂ ಅದರೊಳಗೇ ಉಳಿದುಹೋಗಿತ್ತು. ಅದೇ ಮಂತ್ರ ಆಮೇಲೆ ಕಾಂಟ್ರಾದಲ್ಲಿ ಮೂವತ್ತು ಜೀವ ಕೊಟ್ಟಿತು. ಹಾಶಿಮೊಟೊ 2020ರಲ್ಲಿ ತೀರಿಕೊಂಡ ಸುದ್ದಿ ಓದಿದಾಗ ನನ್ನ ಹೆಬ್ಬೆರಳುಗಳು ತಾವಾಗಿಯೇ ಮೇಲೆ ಮೇಲೆ ಕೆಳಗೆ ಕೆಳಗೆ ಎಂದು ಆಡಿದವು. ಶ್ರದ್ಧಾಂಜಲಿಗೆ ಬೇರೆ ದಾರಿ ತೋಚಲಿಲ್ಲ.

ಮೂವತ್ತಲ್ಲ, ಮುನ್ನೂರು ಜೀವವಿದ್ದರೂ ಅಕ್ಕನ ಜೊತೆ ಆಡುವುದು ಕಷ್ಟವಿತ್ತು. ಕಾಂಟ್ರಾದ ಮೂರನೇ ಹಂತ ಜಲಪಾತ. ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ಇಬ್ಬರು ಆಡುವಾಗ ಮೇಲಿದ್ದವರ ಜೊತೆ ಪರದೆ ಮೇಲೇರುತ್ತದೆ, ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಶತ್ರುವಿನ ಗುಂಡು ಬೇಡ, ಜೊತೆಗಾರರ ಅವಸರವೇ ಸಾಕು. ಅಕ್ಕ ಮಂಗನ ಹಾಗೆ ಸರಸರ ಏರುತ್ತಿದ್ದಳು. ನಾನು ಕೆಳಗೆ ಸಾಯುತ್ತ ಹೋಗುತ್ತಿದ್ದೆ. “ಬೇಗ ಬಾರೋ ಅಂದ್ರೆ ಬರಲ್ಲ, ಆಮೇಲೆ ಅಳ್ತಾನೆ” ಎಂದು ಅಮ್ಮನಿಗೆ ಮೊದಲೇ ದೂರು ಹೇಳಿಬಿಡುತ್ತಿದ್ದಳು.

ಇದಕ್ಕೂ ಮುಂಚಿನದು ಇನ್ನೊಂದಿದೆ. ಟಿವಿ ಗೇಮ್ ಬಂದ ಹೊಸತರಲ್ಲಿ ಅಕ್ಕ ನನಗೂ ಒಂದು ಜಾಯ್‌ಸ್ಟಿಕ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ನಾನು ಬೆವರಿಳಿಸಿ ಗುಂಡಿ ಒತ್ತುತ್ತಿದ್ದೆ. ಮಾರಿಯೊ ನನ್ನ ಮಾತು ಕೇಳಿಯೇ ಹಾರುತ್ತಿದ್ದಾನೆ ಎಂದು ನಂಬಿದ್ದೆ. “ಸೂಪರ್ ಆಡ್ದೆ ಕಣೋ” ಎಂದು ಅಕ್ಕ ಬೆನ್ನು ತಟ್ಟುತ್ತಿದ್ದಳು. ಒಂದು ದಿನ ಅಮ್ಮ ಕಸ ಗುಡಿಸುತ್ತ, ಟಿವಿ ಸ್ಟ್ಯಾಂಡಿನ ಹಿಂದಿನಿಂದ ವೈರೊಂದನ್ನು ಎಳೆದು ತೆಗೆದು “ಇದೆಲ್ಲಿಗೂ ಸಿಕ್ಕಿಸೇ ಇಲ್ವಲ್ಲೇ” ಎಂದರು. ಅದು ನನ್ನ ಜಾಯ್‌ಸ್ಟಿಕ್ಕಿನದು.

ಬೀದಿಯಲ್ಲಿ ಇದು ಬಹಿರಂಗವಾಗಿಯೇ ನಡೆಯುತ್ತಿತ್ತು. ಲಗೋರಿಗೋ ಕಣ್ಣಾಮುಚ್ಚಾಲೆಗೋ ತಮ್ಮನನ್ನೋ ತಂಗಿಯನ್ನೋ ಸೊಂಟಕ್ಕೆ ಕಟ್ಟಿಕೊಂಡು ಬಂದವರಿಗೆ ಗುಂಪು ಕೂಡಲೇ ತೀರ್ಪು ಕೊಡುತ್ತಿತ್ತು: ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನು ಓಡಬಹುದು, ಕಿರುಚಬಹುದು, ಚೆಂಡು ಹಿಡಿಯಬಹುದು, ಹಿಡಿದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ಆದರೆ ಅವನನ್ನು ಮುಟ್ಟಿದರೆ ಔಟಿಲ್ಲ. ಸಾವೇ ಇಲ್ಲದ ವರ. ಸಾವಿರಾರು ಗಂಟೆ ಕೂತು ಆಟ ಕಟ್ಟುವ ದೊಡ್ಡ ಕಂಪನಿಗಳಿಗೆ ಇದು ಹೊಳೆದದ್ದು ತಡವಾಗಿ. ಮೂಗು ಸೋರುವ ಹತ್ತು ವರ್ಷದ ಹುಡುಗರು ಅದನ್ನು ಎರಡು ಸೆಕೆಂಡಿನಲ್ಲಿ ಬಗೆಹರಿಸುತ್ತಿದ್ದರು.

ಆ ಚಿರಂಜೀವಿಗಳಲ್ಲಿ ನಾನೂ ಒಬ್ಬನಾಗಿದ್ದೆ. ನನ್ನನ್ನು ಹಿಡಿದವನು ಹಿಡಿದೇ ಇಲ್ಲವೆಂಬಂತೆ ಮುಂದೆ ಓಡುವುದು ಕೆಲವು ದಿನ ಸುಖವಾಗಿಯೇ ಇತ್ತು. ಆಮೇಲೆ ಅನುಮಾನ ಶುರುವಾಯಿತು. ಮತ್ತೆ ಹಟ ಹಿಡಿದೆ, ನನ್ನನ್ನೂ ಲೆಕ್ಕಕ್ಕೆ ಹಿಡೀರಿ ಅಂತ. ಬೇಡವೆಂದರು, ಅತ್ತೆ, ಒಪ್ಪಿಕೊಂಡರು. ಆಟ ಶುರುವಾಗಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನಿಗೆ ಚೆಂಡು ಬಿತ್ತು. ಲಗೋರಿಯ ರಬ್ಬರ್ ಚೆಂಡಿನ ಏಟು ತಿಂದವರಿಗೆ ಗೊತ್ತು, ಕೆಂಪಗೆ ದುಂಡಗೆ ಮುದ್ರೆ ಒತ್ತುತ್ತದೆ. “ಔಟ್!” ಎಂದು ಇಡೀ ಬೀದಿ ಕೂಗಿತು. ಕಟ್ಟೆಯ ಮೇಲೆ ಔಟಾದವರ ಸಾಲಿನಲ್ಲಿ, ನನಗಿಂತ ಎತ್ತರದವರ ಮಧ್ಯೆ ಜಾಗ ಮಾಡಿಕೊಂಡು ಕೂತ ಹೆಮ್ಮೆಯನ್ನು ಆಮೇಲೆ ಕೆಲಸದ ಆರ್ಡರ್ ಕೈಗೆ ಬಂದ ದಿನವೂ ನಾನು ಪಟ್ಟಿಲ್ಲ.

ಇಷ್ಟೆಲ್ಲ ನೆನಪಾಗಲು ಕಾರಣ, ಈಗಿನ ಆಟಗಳು ವೈರನ್ನು ಅಮ್ಮನ ಪೊರಕೆಗೂ ಸಿಗದಷ್ಟು ನಾಜೂಕಾಗಿ ಬಚ್ಚಿಡುತ್ತವೆ ಎಂದು ತಿಳಿದದ್ದು. 1996ರ ‘ಕ್ರ್ಯಾಶ್ ಬ್ಯಾಂಡಿಕೂಟ್’ ಒಂದೇ ಕಡೆ ಪದೇ ಪದೇ ಸಾಯುವವನಿಗೆ ತೆಪ್ಪಗೆ ಒಂದು ರಕ್ಷಣೆಯ ಮುಖವಾಡ ಕೊಡುತ್ತಿತ್ತು. 2005ರ ‘ರೆಸಿಡೆಂಟ್ ಈವಿಲ್ 4’ ನಮ್ಮ ಕೈಲಾಗದ್ದನ್ನು ಗಮನಿಸಿ ಶತ್ರುಗಳನ್ನು ಮೆತ್ತಗಾಗಿಸುತ್ತಿತ್ತು. ‘ಬಯೋಶಾಕ್’ನಲ್ಲಿ ಶತ್ರು ಹಾರಿಸುವ ಮೊದಲ ಗುಂಡು ಬೇಕೆಂದೇ ಗುರಿ ತಪ್ಪುತ್ತದೆ, ನಾವು ಬೆಚ್ಚಿ ತಿರುಗಲಿ ಎಂದು. ‘ಅಸಾಸಿನ್ಸ್ ಕ್ರೀಡ್’ನಲ್ಲಿ ಜೀವದ ಪಟ್ಟಿಯ ಕೊನೆಯ ಚೂರಿಗೆ ಕಾಣುವುದಕ್ಕಿಂತ ಹೆಚ್ಚು ಆಯಸ್ಸು. ಕೂದಲೆಳೆಯಲ್ಲಿ ಪಾರಾದೆ ಎಂದು ಎದೆ ತಟ್ಟಿಕೊಂಡಿದ್ದೆವಲ್ಲ, ಆ ಕೂದಲು ಹಗ್ಗದಷ್ಟು ದಪ್ಪವಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಪಾಸಾದವನಿಗೆ, ಅದು ಗ್ರೇಸ್ ಮಾರ್ಕ್ಸ್ ಎಂದು ಮದುವೆಯಾದ ಮೇಲೆ ಯಾರೋ ಹೇಳಿದ ಹಾಗಾಯಿತು ನನ್ನ ಸ್ಥಿತಿ.

ಅಂಕಿ ಸಂಖ್ಯೆಯಲ್ಲೂ ಇದೇ ನಾಟಕ. ಜಪಾನಿನ ‘ಫೈರ್ ಎಂಬ್ಲೆಮ್’ ಸರಣಿಯ ಹಲವು ಆಟಗಳಲ್ಲಿ ಏಟು ತಗಲುವ ಸಂಭವ ಶೇ 90 ಎಂದು ಪರದೆ ಹೇಳುತ್ತದೆ. ಒಳಗೆ ಎರಡು ಸಂಖ್ಯೆ ಎತ್ತಿ ಸರಾಸರಿ ತೆಗೆಯುವುದರಿಂದ ನಿಜವಾದ ಸಂಭವ ಶೇ 98ರ ಹತ್ತಿರ. ಯಾಕೆ ಈ ಸುಳ್ಳು? ಶೇ 90 ಎಂದರೆ ಹತ್ತರಲ್ಲೊಂದು ತಪ್ಪಬೇಕು ಎಂಬುದು ಗಣಿತ. ಶೇ 90 ಎಂದರೆ ತಪ್ಪಲೇಬಾರದು ಎಂಬುದು ಮನುಷ್ಯ. ‘ಸಿವಿಲೈಸೇಷನ್’ ಆಟದ ಸಿಡ್ ಮೈಯರ್ 2010ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ಇದನ್ನೇ ಹೇಳಿಕೊಂಡರು. ಮೂರಕ್ಕೆ ಒಂದರ ಬಲವಿದ್ದೂ ಸೋತ ಆಟಗಾರರು ಆಟವೇ ಕೆಟ್ಟಿದೆ ಎಂದು ದೂರುತ್ತಿದ್ದರಂತೆ. ಅದೇ ಒಂದಕ್ಕೆ ಮೂರಿದ್ದಾಗ ಗೆದ್ದರೆ? ಆಗ ಯಾರದೂ ದೂರಿಲ್ಲ. ಅದು ಅವರ ಯುದ್ಧಕೌಶಲ.

ಈ ವಿಚಾರವಾಗಿ ಅಕ್ಕನ ಮಗನಿಗೂ ನನಗೂ ಜಗಳ ನಡೆದೇ ಇದೆ. ಪಿಯುಸಿ ಹುಡುಗ, ‘ಎಲ್ಡನ್ ರಿಂಗ್’ ಭಕ್ತ. ಅದನ್ನೂ ‘ಸೆಕಿರೊ’ವನ್ನೂ ಮಾಡಿದ ಫ್ರಮ್‌ಸಾಫ್ಟ್‌ವೇರ್ ಕಂಪನಿಯವರು ಈ ಆಟಗಳಲ್ಲಿ ಸುಲಭದ ಮಟ್ಟ ಇಟ್ಟೇ ಇಲ್ಲ. 2019ರಲ್ಲಿ ಸೆಕಿರೊ ಬಂದಾಗ ಇಡಬೇಕೋ ಬೇಡವೋ ಎಂದು ಜಗತ್ತೇ ಕಿತ್ತಾಡಿತ್ತು. “ಈಸಿನಲ್ಲಿ ಗೆದ್ರೆ ಅದೇನ್ ಗೆಲುವು ಮಾವ?” ಎನ್ನುತ್ತಾನೆ ಇವನು. ಎಲ್ಡನ್ ರಿಂಗ್‌ನಲ್ಲಿ ಕಷ್ಟದ ಬಾಸ್ ಎದುರಾದಾಗ ಸತ್ತವರ ಆತ್ಮಗಳನ್ನು ಸಹಾಯಕ್ಕೆ ಕರೆಸಿಕೊಳ್ಳಬಹುದು. ಇವನು ಪ್ರತಿ ಸಲ ಕರೆಸಿಕೊಳ್ಳುತ್ತಾನೆ. “ಅದು ಈಸಿ ಅಲ್ವೇನೋ?” ಎಂದರೆ, “ಅದು ಸ್ಟ್ರ್ಯಾಟಜಿ” ಎನ್ನುತ್ತಾನೆ. ಸಿಡ್ ಮೈಯರ್ ಇವನನ್ನು ನೋಡಿಯೇ ಮಾತಾಡಿರಬೇಕು.

‘ಸೆಲೆಸ್ಟೆ’ಯ ಉದಾಹರಣೆ ಕೊಟ್ಟೆ. 2018ರಲ್ಲಿ ಬಂದ, ಬೆಟ್ಟ ಹತ್ತುವ ಆಟ. ಕಠಿಣ ಎಂದೇ ಹೆಸರು. ಅದರಲ್ಲಿ ಬಂಡೆಯ ಅಂಚು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ನೀನಿನ್ನೂ ನೆಲದ ಮೇಲಿದ್ದೀಯ ಎಂದೇ ಆಟ ಲೆಕ್ಕ ಹಿಡಿಯುತ್ತದೆ. ತಡವಾಗಿ ಹಾರಿದರೂ ಹಾರಿಸುತ್ತದೆ. ಇಂಥ ರಿಯಾಯಿತಿ ಎಷ್ಟೋ ನೆಗೆತದ ಆಟಗಳಲ್ಲಿ ಇದೆ. ಅದು ಸಾಲದವರಿಗೆ ಸೆಲೆಸ್ಟೆಯಲ್ಲಿ ಮುಚ್ಚುಮರೆಯಿಲ್ಲದ ಒಂದು ಸಹಾಯದ ಪಟ್ಟಿಯಿದೆ. ಆಟದ ವೇಗ ಅರ್ಧಕ್ಕಿಳಿಸಬಹುದು, ಸಾಯದ ಹಾಗೂ ಮಾಡಿಕೊಳ್ಳಬಹುದು. ಯಾರೂ ಕುಲಾವಿ ತೊಡಿಸುವುದಿಲ್ಲ. “ಅದು ಬೇಕಾದವರಿಗೆ ಬಿಡಿ” ಎಂದ ಹುಡುಗ. ಬೇಕಾದವರು ಯಾರು ಎಂಬುದೇ ಮುಖ್ಯ. 2020ರ ‘ದ ಲಾಸ್ಟ್ ಆಫ್ ಅಸ್ ಭಾಗ 2’ ಅರವತ್ತಕ್ಕೂ ಹೆಚ್ಚು ಬಗೆಯ ಅನುಕೂಲಗಳನ್ನು ಒಳಗಿಟ್ಟುಕೊಂಡು ಬಂತು, ಕಣ್ಣು ಕಾಣದವರೂ ಬರೀ ಸದ್ದು ಕೇಳಿ ಅದನ್ನು ಆಡಿ ಮುಗಿಸಿದರು. ಅವರ ಗೆಲುವನ್ನು ಯಾವ ತಕ್ಕಡಿಗೆ ಹಾಕುತ್ತೀಯ ಎಂದು ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರು ಬೇರೆ ಮಾವ, ನಿಮ್ಗೇನಾಗಿದೆ?” ಎಂದ.

ನನಗೇನಾಗಿದೆ ಎಂಬುದು ಸಂಕ್ರಾಂತಿ ರಜೆಯಲ್ಲಿ ಅವನು ಪ್ಲೇಸ್ಟೇಷನ್ ಹೊತ್ತುಕೊಂಡು ಮನೆಗೆ ಬಂದಾಗ ಬಯಲಾಯಿತು. ‘ಗಾಡ್ ಆಫ್ ವಾರ್’ ಹಾಕಿಕೊಟ್ಟ. 2018ರದ್ದು. ಉತ್ತರದ ಹಿಮದ ನಾಡಿನಲ್ಲಿ ಒಬ್ಬ ಸಿಡುಕು ಅಪ್ಪ, ಒಬ್ಬ ಮಗ, ಒಂದು ಕೊಡಲಿ. ಶುರುವಿನಲ್ಲೇ ಕಲ್ಲುಕಂಬ ಹೊತ್ತ ಭಾರಿ ದೈತ್ಯನೊಬ್ಬ ಬರುತ್ತಾನೆ. ನನ್ನ ಕಣ್ಣು ನೋಡುವುದಕ್ಕೂ ಹೆಬ್ಬೆರಳು ಒತ್ತುವುದಕ್ಕೂ ನಡುವೆ ಈಗ ಒಂದು ಸರ್ಕಾರಿ ಕಡತ ಓಡಾಡುತ್ತದೆ. ಅವನು ಕಂಬ ಎತ್ತಿದ್ದು ಕಾಣುತ್ತದೆ, ಪಕ್ಕಕ್ಕೆ ಉರುಳಬೇಕೆಂದು ತಿಳಿಯುತ್ತದೆ, ಆದೇಶ ಬೆರಳಿಗೆ ತಲುಪುವಷ್ಟರಲ್ಲಿ ಕಂಬ ತಲೆಗೆ ತಲುಪಿರುತ್ತದೆ. ಸತ್ತು ಸತ್ತು ಸಾಕಾಗಿ ಕಾಫಿಗೆ ಎದ್ದು ಹೋದೆ. ವಾಪಸ್ಸು ಬಂದು ಕೂತರೆ ದೈತ್ಯ ಬಹಳ ಸೌಮ್ಯನಾಗಿದ್ದ. ಕಂಬದ ಏಟಿಗೆ ಬರೀ ಮೈ ತುರಿಸಿತು. ನಾನು ನಾಲ್ಕು ಕೊಡಲಿ ಬೀಸಿದೆ, ಅವನು ನೆಲ ಕಚ್ಚಿದ.

“ಸೂಪರ್ ಆಡಿದ್ರಿ ಮಾವ” ಎಂದ ಹುಡುಗ, ಪರದೆಯಿಂದ ಕಣ್ಣು ತೆಗೆಯದೆ. ಧ್ವನಿ ಅವನದು, ಧಾಟಿ ನಮ್ಮಕ್ಕನದು. ಮೆನು ತೆಗೆದು ನೋಡಿದೆ. ಆ ಆಟದ ಕಷ್ಟದ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಹೆಸರು, ನನಗೆ ಕಥೆ ಕೊಡು ಸಾಕು ಎಂಬರ್ಥದ್ದು. ಅಲ್ಲಿಗೆ ಇಳಿಸಿದ್ದಾನೆ ಬಡ್ಡೀಮಗ. ಸಿಟ್ಟು ಬರಬೇಕಿತ್ತು. ಕನ್ನಡ ಎಂ.ಎ. ಮಾಡಿಕೊಂಡು ಬಂದವನಿಗೆ, ನಿನಗೆ ಕಥೆ ಬೇಕಾ ಎಂದು ಒಂದು ಯಂತ್ರ ಇಷ್ಟು ಮರ್ಯಾದೆಯಿಂದ ಕೇಳಿದರೆ ಸಿಟ್ಟು ಎಲ್ಲಿಂದ ಬರಬೇಕು? ಆದರೂ ಮತ್ತೆ ಮೇಲಿನ ಮೆಟ್ಟಿಲಿಗೆ ಹಾಕಿಸಿಕೊಂಡೆ. ಮುಂದಿನ ರಾಕ್ಷಸ ಬಂದ, ಹೊಡೆದ, ಸತ್ತೆ. ಸಮಾಧಾನವಾಯಿತು.

ನಮ್ಮ ಗಲಾಟೆಗೆಲ್ಲ ತಲೆ ಕೆಡಿಸಿಕೊಳ್ಳದವರು ಅಮ್ಮ ಒಬ್ಬರೇ. ಗೋಡೆಗೆ ಒರಗಿ ಕೂತು ‘ಕ್ಯಾಂಡಿ ಕ್ರಷ್’ ಆಡುತ್ತಿದ್ದರು. ಅವರು ಯಾವ ಹಂತದಲ್ಲಿದ್ದಾರೋ ನಮಗೆ ಯಾರಿಗೂ ತಿಳಿಯದು, ಸಾವಿರಗಳನ್ನು ಎಂದೋ ದಾಟಿದ್ದಾರೆ. ಅದರಲ್ಲಿ ಐದು ಜೀವ. ಒಂದು ಹೋದರೆ ಮತ್ತೆ ಬರಲು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವರ ಕುಕ್ಕರ್ ಕೂಗಿರುತ್ತದೆ, ದೇವರ ದೀಪ ಹಚ್ಚಿಯಾಗಿರುತ್ತದೆ. ನ್ಯಾಯ ಅನ್ಯಾಯದ ಪ್ರಶ್ನೆಯೇ ಅವರಿಗೆ ಬಂದದ್ದಿಲ್ಲ. “ಅವ್ನಿಗೆ ಕೊಡ್ಬೇಕು ಅನ್ನಿಸ್ದಾಗ ಕೊಡ್ತಾನೆ” ಎನ್ನುತ್ತಾರೆ, ಆಟದ ಬಗ್ಗೆಯೇ.

“ಅಜ್ಜಿ, ಅದ್ರಲ್ಲಿ ಸ್ಕಿಲ್ಲೇ ಇಲ್ಲ. ಎಲ್ಲಾ ಲಕ್ಕು. ದುಡ್ಡು ಕೊಟ್ರೆ ಗೆಲ್ಲಿಸುತ್ತೆ, ಅಷ್ಟೇ” ಎಂದ ಹುಡುಗ.

“ನಾನೊಂದ್ ರೂಪಾಯಿ ಕೊಟ್ಟಿಲ್ಲಪ್ಪ. ತಗೋ, ಇದೊಂದು ಮೂರು ದಿನದಿಂದ ಆಗ್ತಿಲ್ಲ, ನೀನೇ ಆಡಿ ತೋರ್ಸು” ಎಂದು ಫೋನ್ ಅವನ ಕೈಗೆ ಕೊಟ್ಟು ಒಳಗೆ ಹೋದರು.

ಎಲ್ಡನ್ ರಿಂಗ್ ಗೆದ್ದ ವೀರ ಕಾಲು ಮಡಚಿ ಕೂತ. ಮೊದಲ ಜೀವ ಉಡಾಫೆಯಲ್ಲಿ ಹೋಯಿತು. ಎರಡನೆಯದು ಹೋದಾಗ ಬೆನ್ನು ನೆಟ್ಟಗಾಯಿತು. ಮೂರನೆಯದಕ್ಕೆ ನನ್ನನ್ನು ಮಾತಾಡಬೇಡಿ ಎಂದ. ಅಮ್ಮ ಮೊರ ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಐದೂ ಮುಗಿದು, “ಇದು ಅನ್‌ಫೇರ್ ಅಜ್ಜಿ, ಬೇಕಂತಲೇ ಕಲರ್ ಕೊಡ್ತಿಲ್ಲ!” ಎಂದು ಕೂಗುತ್ತಿದ್ದ.

ಅಮ್ಮ ಕನ್ನಡಕ ಏರಿಸಿ ಪರದೆ ನೋಡಿದರು. “ಐದಕ್ಕೆ ಐದೂ ತಿಂದ್ಯಲ್ಲೋ! ಇನ್ನೆರಡೂವರೆ ಗಂಟೆ ಬೇಕು ಎಲ್ಲಾ ಬರೋಕೆ” ಎಂದವರು, ನೆನೆಸಿದ ಅವರೆಕಾಳಿನ ಮೊರವನ್ನು ಅವನ ಮುಂದೆ ಎಳೆದರು. “ಬರೋವರ್ಗೂ ಕೂತ್ಕೊಂಡು ಇದನ್ನ ಹಿದುಕು. ನಿಮ್ ಮಾವನ್ನೂ ಕರ್ಕೋ.”